ಗೇರ್ ಕೆಟ್ಟಿಲ್ಲ, ಕೇಬಲ್ ನೋಡಿ

ಕೋಲಾರ ತಾಲ್ಲೂಕಿನ ಸುಗಟೂರು ಹೋಬಳಿಯಲ್ಲಿ ಸೈಕಲ್ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ರಿಮ್ಮಿನ ವಾಲಾಟ ತೆಗೆಯುವುದು, ಫ್ರೀವೀಲ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುವುದು, ಸವೆದ ಕಪ್ ಬದಲಿಸುವುದು ಪಂಕ್ಚರ್ ಅಂಗಡಿಯ ಹುಡುಗನಿಗೂ ಕರಗತ. ಅದೇ ಅಂಗಡಿಯ ಮುಂದೆ ಬಾಗಿದ ಹ್ಯಾಂಡಲ್ಲಿನ, ಸಪೂರ ಟೈರಿನ, ಫ್ರೇಮಿನ ಕೆಳಪೈಪಿಗೆ ಎರಡು ಪುಟ್ಟ ಲಿವರ್ ಕೂತಿರುವ ಹಳೆಯ ರೇಸ್ ಸೈಕಲ್ ಬಂದು ನಿಂತರೆ ಮಾತ್ರ, ಗೇರ್ ಸೈಕಲ್ಲಾದರೆ ಬೆಂಗಳೂರಿಗೇ ಒಯ್ಯಿರಿ ಎಂಬ ಉತ್ತರ ಸಿಗುತ್ತದೆ.

ಇದು ಕೈಚಳಕದ ಕೊರತೆಯಲ್ಲ, ಪರಿಚಯದ ಕೊರತೆ. ನಮ್ಮ ಹಳ್ಳಿಗಳು ತಲೆಮಾರುಗಳಿಂದ ಕಂಡದ್ದು ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುವ ಗೇರಿಲ್ಲದ ಕರಿ ಸೈಕಲ್ಲನ್ನು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡಲು ಶುರು ಮಾಡಿದ ಸೈಕಲ್ಲಿಗೂ ಗೇರ್ ಇರಲಿಲ್ಲ. ರೇಸ್ ಸೈಕಲ್ಲಿನ ನಂಟು ಬೆಳೆದದ್ದು ದೂರದ ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ. ಈಗ ಬೆಂಗಳೂರಿನ ಸವಾರರು ಹೊಸಕೋಟೆ ದಾಟಿ ಹಳೇ ಮದ್ರಾಸ್ ರಸ್ತೆ ಹಿಡಿದು ಕೋಲಾರದ ಕಡೆಗೆ ಬರುತ್ತಾರೆ. ಸೆಕೆಂಡ್ ಹ್ಯಾಂಡ್ ಮಾರಾಟದಲ್ಲೋ, ಹೊರದೇಶದಿಂದ ಮರಳಿದವರ ಸಾಮಾನಿನ ಜೊತೆಗೋ 1970-80ರ ದಶಕದ ಉಕ್ಕಿನ ಸೈಕಲ್ಲುಗಳು ಕೈ ಬದಲಾಯಿಸುತ್ತಿರುತ್ತವೆ. ಅವುಗಳಲ್ಲಿ ಎಷ್ಟೋ "ಗೇರ್ ಹೋಗಿದೆ" ಎಂಬ ಒಂದೇ ಮಾತಿಗೆ ಗೋಡೆಗೊರಗಿ ತುಕ್ಕು ಹಿಡಿಯುತ್ತವೆ.

ಆ ಮಾತು ಹೆಚ್ಚಿನ ಸಲ ಸುಳ್ಳು. ಹಳೆಯ ರೇಸ್ ಸೈಕಲ್ಲಿನ ಗೇರ್ ಒಂದು ಲಿವರ್, ಒಂದು ಕೇಬಲ್, ಒಂದು ಸ್ಪ್ರಿಂಗು ಸೇರಿ ನಡೆಸುವ ಕೆಲಸ. ದೂರು ಬಂದಾಗ ಬಹುಪಾಲು ಕಾರಣ ಸಿಗುವುದು ಲಿವರ್‌ನ ಸ್ಕ್ರೂನಲ್ಲಿ, ಕೇಬಲ್‌ನಲ್ಲಿ, ಹಿಂದಿನ ಚಕ್ರದ ಬಳಿ ಕೇಬಲ್ಲಿಗೆ ಹೊದಿಸುವ ಗೇಣುದ್ದದ ಔಟರ್‌ನಲ್ಲಿ. ಈ ಮೂರನ್ನು ನೋಡದೆ, ಚೈನನ್ನು ಒಂದು ಹಲ್ಲಿನ ಬಿಲ್ಲೆಯಿಂದ ಇನ್ನೊಂದಕ್ಕೆ ಸರಿಸುವ ಡಿರೈಲರ್ ಬದಲಿಸುವುದು ಹಣ ದಂಡ. ಸೈಕಲ್ ಅಂಗಡಿಗಳಲ್ಲಿ, ಸವಾರರ ಬಾಯಲ್ಲಿ ಪದೇ ಪದೇ ಕೇಳಿಬರುವ ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಲಿವರ್ "ಕ್ಲಿಕ್" ಅನ್ನದಿದ್ದರೆ ಅದು ಕೆಟ್ಟಿದೆ

ವಾಸ್ತವ: 1980ರ ದಶಕದ ಮಧ್ಯದವರೆಗೆ ತಯಾರಾದ ಬಹುತೇಕ ರೇಸ್ ಸೈಕಲ್ಲುಗಳ ಲಿವರ್ ಕ್ಲಿಕ್ ಅನ್ನುವುದೇ ಇಲ್ಲ. ಅದು ಘರ್ಷಣೆಯ ಲಿವರ್. ವಾಷರ್‌ಗಳ ನಡುವಿನ ಬಿಗಿತವೇ ಅದನ್ನು ಇಟ್ಟಲ್ಲಿ ನಿಲ್ಲಿಸುತ್ತದೆ. ಎಷ್ಟು ಎಳೆಯಬೇಕು ಎಂದು ತೀರ್ಮಾನಿಸುವುದು ಸವಾರನ ಕೈ ಮತ್ತು ಕಿವಿ.

ಟೂರ್ ದ ಫ್ರಾನ್ಸ್‌ನಲ್ಲಿ ಡಿರೈಲರ್‌ಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಇಟಲಿಯ ಕಂಪಾನ್ಯೊಲೊ ಕಂಪನಿಯ ಗ್ರಾನ್ ಸ್ಪೋರ್ಟ್ ಡಿರೈಲರ್ 1950ರ ದಶಕದ ಆರಂಭದಲ್ಲಿ ಬಂದು, ಕೇಬಲ್ ಎಳೆದರೆ ಓರೆಯಾಗಿ ಸರಿಯುವ ನಾಲ್ಕು ಕೀಲಿನ ಚೌಕಟ್ಟಿನ ವಿನ್ಯಾಸವನ್ನು ರೂಢಿಗೆ ತಂದಿತು. ಜಪಾನಿನ ಸನ್‌ಟೂರ್ 1964ರಲ್ಲಿ ಆ ಚೌಕಟ್ಟನ್ನು ವಾಲಿಸಿ, ಚೈನ್ ಬಿಲ್ಲೆಗಳಿಗೆ ಇನ್ನೂ ಹತ್ತಿರದಲ್ಲಿ ಸಾಗುವಂತೆ ಮಾಡಿತು. ಒಂದು ಕ್ಲಿಕ್ಕಿಗೆ ಒಂದು ಗೇರ್ ಎಂಬ ಪದ್ಧತಿ ರೇಸ್ ಸೈಕಲ್ಲುಗಳಲ್ಲಿ ನೆಲೆಯೂರಿದ್ದು 1984ರಲ್ಲಿ ಶಿಮಾನೊ ತನ್ನ ಡ್ಯೂರಾ-ಏಸ್ ಸರಣಿಯಲ್ಲಿ ಅದನ್ನು ತಂದ ಮೇಲೆ. ಅಲ್ಲಿಯವರೆಗೆ ಸವಾರರು ಪ್ರಪಂಚದ ದೊಡ್ಡ ರೇಸುಗಳನ್ನು ಕ್ಲಿಕ್ ಇಲ್ಲದ ಲಿವರ್‌ನಲ್ಲೇ ಗೆದ್ದರು.

ನಿಮ್ಮ ಲಿವರ್ ಸದ್ದಿಲ್ಲದೆ ನಯವಾಗಿ ತಿರುಗಿ, ಬಿಟ್ಟ ಕಡೆ ನಿಂತರೆ ಅದು ಆರೋಗ್ಯವಾಗಿದೆ. ಎಳೆಯುವಾಗ ಕಟಕಟ ಸದ್ದು ಮಾಡುವ ಹಳೆಯ ಸನ್‌ಟೂರ್ ಲಿವರ್‌ಗಳೂ ಉಂಟು. ಆ ಸದ್ದು ಒಳಗಿನ ಸಣ್ಣ ಹಲ್ಲಿನ ರ‍್ಯಾಚೆಟ್‌ನದು. ಅದಕ್ಕೂ ಗೇರಿನ ಸಂಖ್ಯೆಗೂ ಸಂಬಂಧವಿಲ್ಲ.

ತಪ್ಪು ಕಲ್ಪನೆ 2: ಏರಿನಲ್ಲಿ ಗೇರ್ ತಾನಾಗಿ ಬೀಳುತ್ತಿದ್ದರೆ ಡಿರೈಲರ್ ಸ್ಪ್ರಿಂಗ್ ಹೋಗಿದೆ

ವಾಸ್ತವ: ಸ್ಪ್ರಿಂಗ್ ಗಟ್ಟಿಯಾಗಿರುವುದರಿಂದಲೇ ಹೀಗಾಗುತ್ತದೆ. ಹಿಂದಿನ ಡಿರೈಲರ್‌ನ ಸ್ಪ್ರಿಂಗ್ ಕೇಬಲ್ಲನ್ನು ಸದಾ ತನ್ನ ಕಡೆ ಎಳೆಯುತ್ತಿರುತ್ತದೆ. ಚೈನನ್ನು ದೊಡ್ಡ ಬಿಲ್ಲೆಯ ಮೇಲೆ ಹಿಡಿದಿಡುವುದು ಲಿವರ್‌ನ ಬಿಗಿತ ಒಂದೇ. ಸವಾರ ಸೀಟಿನಿಂದೆದ್ದು ಪೆಡಲ್ ತುಳಿದಾಗ ಉಕ್ಕಿನ ಫ್ರೇಮ್ ತುಸು ತಿರುಚಿಕೊಳ್ಳುತ್ತದೆ, ಕೇಬಲ್ ಜಗ್ಗುತ್ತದೆ. ಬಿಗಿತ ಸಾಲದ ಲಿವರ್ ಕೂದಲೆಳೆಯಷ್ಟು ಮುಂದಕ್ಕೆ ಜಾರುತ್ತದೆ. ಚೈನ್ ಸಣ್ಣ ಬಿಲ್ಲೆಗೆ ಬೀಳುತ್ತದೆ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ನಂದಿ ಬೆಟ್ಟದ ತಿರುವುಗಳಲ್ಲಿ, ಕಾಲಿಗೆ ಹಗುರ ಗೇರ್ ಬೇಕೇಬೇಕಾದ ಹೊತ್ತಿಗೇ ಇದು ಆಗುವುದು ಇದೇ ಕಾರಣಕ್ಕೆ.

ಮದ್ದು ಲಿವರ್‌ನ ನಡುವೆ ಇರುವ ಸ್ಕ್ರೂ. ಅದಕ್ಕೆ ಸಾಮಾನ್ಯವಾಗಿ ಅರ್ಧಚಂದ್ರಾಕಾರದ ಪುಟ್ಟ ತಂತಿಯ ಹಿಡಿ ಇರುತ್ತದೆ. ಸ್ಪ್ಯಾನರ್ ಬೇಡ, ಬೆರಳಲ್ಲೇ ತಿರುಗಿಸಬಹುದು. ಸವಾರಿಯ ನಡುವೆ ಬಿಗಿ ಮಾಡಿಕೊಳ್ಳಲೆಂದೇ ಆ ಹಿಡಿ ಇಟ್ಟಿದ್ದಾರೆ. ಚೈನನ್ನು ಹಿಂದಿನ ಅತಿ ದೊಡ್ಡ ಬಿಲ್ಲೆಗೆ ಏರಿಸಿ ಜೋರಾಗಿ ತುಳಿದಾಗಲೂ ಲಿವರ್ ಜಾರಬಾರದು. ಆದರೆ ಎರಡು ಬೆರಳಲ್ಲಿ ಎಳೆದರೆ ಬರಬೇಕು. ಬಿಗಿತ ಅಷ್ಟಕ್ಕೆ ಸಾಕು.

ಬಿಗಿ ಮಾಡಿದರೂ ಜಾರುತ್ತಿದ್ದರೆ ಲಿವರ್ ಬಿಚ್ಚಿ, ವಾಷರ್‌ಗಳನ್ನು ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿಡಿ. ಅವುಗಳಲ್ಲಿ ಒಂದರ ನಡುವಿನ ತೂತು ದುಂಡಗಿರದೆ ಚೌಕವಾಗಿಯೋ ಚಪ್ಪಟೆಯಾಗಿಯೋ ಇರುತ್ತದೆ. ಅದು ಫ್ರೇಮಿನ ಗುಬ್ಬಿಯ ಮೇಲೆ ಅಲುಗದಂತೆ ಕೂರಬೇಕಾದ ವಾಷರ್. ಅದನ್ನು ತಪ್ಪು ಜಾಗಕ್ಕೆ ಹಾಕಿದರೆ ಪ್ರತಿ ಸಲ ಲಿವರ್ ಎಳೆದಾಗಲೂ ಸ್ಕ್ರೂ ಜೊತೆಗೇ ತಿರುಗಿ ಸಡಿಲವಾಗುತ್ತದೆ. ಎಷ್ಟು ಬಿಗಿ ಮಾಡಿದರೂ ನಿಲ್ಲದ ಲಿವರ್ ಕಂಡರೆ ಮೊದಲು ಈ ವಾಷರ್ ಹುಡುಕಿ. ಘರ್ಷಣೆ ಕೊಡುವ ವಾಷರ್‌ಗಳಿಗೆ ಎಣ್ಣೆ ತಾಗಿದ್ದರೆ ಒರೆಸಿ ಒಣಗಿಸಿ. ಬಿಗಿತವನ್ನೇ ನಂಬಿ ಕೆಲಸ ಮಾಡುವ ಜಾಗದಲ್ಲಿ ಎಣ್ಣೆಗೆ ಸ್ಥಳವಿಲ್ಲ.

ತಪ್ಪು ಕಲ್ಪನೆ 3: ವೈರ್ ಯಾವುದಾದರೇನು, ಎಳೆದರೆ ಸಾಕು

ವಾಸ್ತವ: ಗೇರಿನ ಒಳತಂತಿ ಸಾಮಾನ್ಯವಾಗಿ 1.1 ಅಥವಾ 1.2 ಮಿ.ಮೀ. ದಪ್ಪ. ಬ್ರೇಕಿನದು 1.5 ಅಥವಾ 1.6 ಮಿ.ಮೀ. ನೋಡಲು ಕೂದಲೆಳೆಯ ವ್ಯತ್ಯಾಸ, ಕೆಲಸದಲ್ಲಿ ಭಾರಿ ವ್ಯತ್ಯಾಸ. ಬ್ರೇಕ್ ವೈರಿನ ತುದಿಯ ಗುಂಡು ಗೇರ್ ಲಿವರ್‌ನ ಕುಳಿಯಲ್ಲಿ ಕೂರುವುದಿಲ್ಲ. ಅರ ಹಾಕಿ ಉಜ್ಜಿ ಕೂರಿಸಿದರೂ ದಪ್ಪ ತಂತಿ ಸಣ್ಣ ತಿರುವಿನಲ್ಲಿ ಬಾಗದೆ ಬಿಗಿಯಾಗುತ್ತದೆ; ಡಿರೈಲರ್ ಮೇಲೇರುತ್ತದೆ, ಕೆಳಗಿಳಿಯಲು ಒಲ್ಲೆನೆನ್ನುತ್ತದೆ. ಬೈಕಿನ ಕ್ಲಚ್ ವೈರ್ ಎಳೆ ಬಿಡಿಸಿ ಹಾಕುವುದು ಇನ್ನೂ ಕೆಟ್ಟ ಉಪಾಯ. ಇನ್ನೊಂದು ಎಚ್ಚರಿಕೆ: ಕಂಪಾನ್ಯೊಲೊ ಲಿವರ್‌ಗೆ ಬೇಕಾದ ಗುಂಡು ಶಿಮಾನೊ ಮಾದರಿಯ ಗುಂಡಿಗಿಂತ ಸ್ವಲ್ಪ ಚಿಕ್ಕದು. ಕುಳಿಯೊಳಗೆ ಪೂರ್ತಿ ಇಳಿಯದ ಗುಂಡನ್ನು ಬಡಿದು ಕೂರಿಸಬೇಡಿ. ಮುಂದಿನ ಸಲ ಅದು ಹೊರಗೆ ಬರುವುದಿಲ್ಲ.

ಔಟರ್ ವಿಷಯದಲ್ಲಿ ಅದಲುಬದಲು ಮಾಡಿದರೆ ಪ್ರಾಣಕ್ಕೇ ಅಪಾಯ. ಹಳೆಯ ಕಾಲದ ಔಟರ್, ಬ್ರೇಕಿಗಿರಲಿ ಗೇರಿಗಿರಲಿ, ಸ್ಪ್ರಿಂಗಿನಂತೆ ಸುತ್ತಿದ ಉಕ್ಕಿನ ಪಟ್ಟಿ. ಕ್ಲಿಕ್ ಗೇರ್ ಬಂದ ಮೇಲೆ ಗೇರಿಗೆಂದೇ ಬೇರೆ ಔಟರ್ ಬಂತು. ಇದರೊಳಗೆ ಉಕ್ಕಿನ ತಂತಿಗಳು ಉದ್ದುದ್ದಕ್ಕೆ ಜೋಡಿಸಿಕೊಂಡಿರುತ್ತವೆ. ಅದು ಒತ್ತಿದರೆ ಕುಗ್ಗುವುದಿಲ್ಲ, ಹಾಗಾಗಿ ಕ್ಲಿಕ್ ಗೇರಿಗೆ ಹೇಳಿಮಾಡಿಸಿದ್ದು. ಆದರೆ ಬ್ರೇಕಿನ ಜೋರಿಗೆ ಆ ತಂತಿಗಳು ಪ್ಲಾಸ್ಟಿಕ್ ಸೀಳಿಕೊಂಡು ಹೊರಬರುತ್ತವೆ, ಬ್ರೇಕ್ ಅಲ್ಲಿಗೆ ಮುಗಿಯಿತು. ಗೇರಿನ ಔಟರ್ ಸಾಮಾನ್ಯವಾಗಿ 4 ಮಿ.ಮೀ., ಬ್ರೇಕಿನದು 5 ಮಿ.ಮೀ. ಅಳತೆಗಿಂತ ಮುಖ್ಯವಾಗಿ ತುದಿ ಕತ್ತರಿಸಿ ಒಳಗೆ ನೋಡಿ. ತಂತಿಗಳು ಉದ್ದಕ್ಕೆ ಹಾಸಿದ್ದರೆ ಅದನ್ನು ಬ್ರೇಕಿಗೆ ಹಾಕಲೇಬೇಡಿ.

ತಪ್ಪು ಕಲ್ಪನೆ 4: ಔಟರ್ ಎಷ್ಟು ಗಿಡ್ಡವಿದ್ದರೆ ಅಷ್ಟು ಒಳ್ಳೆಯದು, ತುದಿ ಹೇಗಿದ್ದರೂ ನಡೆಯುತ್ತದೆ

ವಾಸ್ತವ: ಕೆಳಪೈಪಿನ ಲಿವರ್ ಇರುವ ಸೈಕಲ್ಲಿನಲ್ಲಿ ಕೇಬಲ್ ಬಹುಪಾಲು ಬರಿದಾಗಿಯೇ ಓಡುತ್ತದೆ. ಲಿವರ್‌ನಿಂದ ಹೊರಟು, ಪೆಡಲ್ ಆಕ್ಸಲ್ ಇರುವ ಬಿ.ಬಿ. ಭಾಗದ ಮೇಲೋ ಕೆಳಗೋ ಬಳಸಿ, ಚೈನ್ ಪಕ್ಕದ ಪೈಪಿನ ತುದಿಗೆ ಬರುತ್ತದೆ. ಔಟರ್ ಬೇಕಾಗುವುದು ಅಲ್ಲಿಂದ ಡಿರೈಲರ್‌ವರೆಗಿನ ಕೊನೆಯ ಕಮಾನಿಗೆ ಮಾತ್ರ. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ತಿರುವು, ಅತಿ ಹೆಚ್ಚು ಧೂಳು ಇರುವುದು ಇಲ್ಲೇ.

ಈ ತುಂಡು ತೀರಾ ಗಿಡ್ಡವಾದರೆ ಕೇಬಲ್ ಚೂಪಾಗಿ ಮುರಿದಂತೆ ತಿರುಗುತ್ತದೆ. ಚೈನ್ ದೊಡ್ಡ ಬಿಲ್ಲೆಯಲ್ಲಿರುವಾಗ ಔಟರ್ ಡಿರೈಲರನ್ನೇ ಜಗ್ಗುತ್ತದೆ. ತೀರಾ ಉದ್ದವಾದರೆ ಜೋತು ಬಿದ್ದು ಘರ್ಷಣೆ ಹೆಚ್ಚಿಸುತ್ತದೆ. ಎರಡೂ ತುದಿಗಳು ತಮ್ಮ ಕುಳಿಗೆ ನೇರವಾಗಿ ಹೊಕ್ಕು, ನಡುವೆ ತಿಣುಕಾಟವಿಲ್ಲದ ದುಂಡನೆ ಕಮಾನು ಮೂಡಿದರೆ ಅದೇ ಸರಿ ಉದ್ದ. ಒಂದು ಗೇಣಿಗಿಂತ ತುಸು ಹೆಚ್ಚು, ಸುಮಾರು 25ರಿಂದ 30 ಸೆಂ.ಮೀ. ಹೆಚ್ಚಿನ ಸೈಕಲ್ಲುಗಳಿಗೆ ಹೊಂದುತ್ತದೆ.

ತುದಿಯ ಕೆಲಸದಲ್ಲಿ ಆತುರ ಬೇಡ. ಸಾಧಾರಣ ಕಟಿಂಗ್ ಪ್ಲೈಯರ್‌ನಲ್ಲಿ ಕತ್ತರಿಸಿದ ಔಟರ್‌ನ ಬಾಯಿ ಜಜ್ಜಿಹೋಗಿರುತ್ತದೆ, ಒಳಗೆ ಚೂಪು ಮೊನೆ ಉಳಿದಿರುತ್ತದೆ. ಅರ ಹಿಡಿದು ತುದಿಯನ್ನು ಮಟ್ಟಸವಾಗಿ ಉಜ್ಜಿ. ಬಳಿಕ ಹೊಲಿಗೆಯ ದಬ್ಬಣವನ್ನೋ ಚೂಪು ಮೊಳೆಯನ್ನೋ ತೂರಿಸಿ ಒಳಗಿನ ಪ್ಲಾಸ್ಟಿಕ್ ಕೊಳವೆಯ ಬಾಯಿ ದುಂಡಗೆ ತೆರೆಯಿರಿ. ಹೊಸ ತಂತಿ ತೂರಿಸಿ ಬೆರಳಲ್ಲಿ ಹಿಂದೆ ಮುಂದೆ ಎಳೆದು ನೋಡಿ. ಎಲ್ಲಿಯೂ ಕೆರೆಯುವ ಅನುಭವವಾಗಬಾರದು. ಆ ಮೇಲೆ ತುದಿಗೆ ಲೋಹದ ಟೊಪ್ಪಿ ಹಾಕಿ. ಅರ ಹಿಡಿಯುವ ಈ ಸಣ್ಣ ಕೆಲಸವನ್ನು ಬಿಟ್ಟದ್ದರಿಂದಲೇ ಕೆಟ್ಟವೆಂದು ಹೆಸರು ಹೊತ್ತ ಗೇರುಗಳು ಬೇಕಾದಷ್ಟಿವೆ.

ತಪ್ಪು ಕಲ್ಪನೆ 5: ಹೊಸ ಕೇಬಲ್ಲನ್ನು ಯಾವ ಗೇರಿನಲ್ಲಾದರೂ ಕಟ್ಟಬಹುದು, ನಂತರ ಸಡಿಲಾದರೆ ಕೇಬಲ್ ಹಿಗ್ಗಿದೆ ಎಂದರ್ಥ

ವಾಸ್ತವ: ಕೇಬಲ್ ಕಟ್ಟಲು ಒಂದೇ ಸರಿಯಾದ ಸ್ಥಿತಿಯಿದೆ. ಹಿಂದಿನ ಗೇರಿಗೆ, ಚೈನ್ ಅತಿ ಸಣ್ಣ ಬಿಲ್ಲೆಯ ಮೇಲಿರಬೇಕು, ಬಲಗಡೆಯ ಲಿವರ್ ಪೂರ್ತಿ ಮುಂದಕ್ಕೆ ಮಲಗಿರಬೇಕು. ಬಹುತೇಕ ಹಳೆಯ ಸೈಕಲ್ಲುಗಳಲ್ಲಿ ಮುಂದಿನ ಗೇರಿಗೂ ಇದೇ ಕ್ರಮ: ಚೈನ್ ಸಣ್ಣ ಚೈನ್ ವೀಲ್ ಮೇಲೆ, ಎಡಗಡೆಯ ಲಿವರ್ ಮುಂದಕ್ಕೆ. ಈ ಸ್ಥಿತಿಯಲ್ಲಿ ಡಿರೈಲರ್‌ನ ಸ್ಪ್ರಿಂಗ್ ವಿರಾಮದಲ್ಲಿರುತ್ತದೆ, ಲಿವರ್‌ನ ಪೂರ್ತಿ ಓಟ ಮುಂದೆ ಬಳಕೆಗೆ ಸಿಗುತ್ತದೆ. ಲಿವರ್ ಅರ್ಧ ಎಳೆದಿರುವಾಗ ಕೇಬಲ್ ಕಟ್ಟಿದರೆ ಆ ಅರ್ಧ ಓಟ ನಷ್ಟ. ಲಿವರ್ ಫ್ರೇಮಿಗೆ ತಾಗುವವರೆಗೆ ಎಳೆದರೂ ದೊಡ್ಡ ಬಿಲ್ಲೆ ಸಿಗುವುದಿಲ್ಲ.

ಕ್ರಮವಾಗಿ ಹೀಗೆ ಮಾಡಿ. ಲಿವರ್‌ನ ಕುಳಿಯಲ್ಲಿ ಗುಂಡು ಪೂರ್ತಿ ಕೂತಿದೆಯೇ ನೋಡಿ. ತಂತಿಯನ್ನು ಮಾರ್ಗದ ಕೊಂಡಿಗಳಲ್ಲಿ ಹಾಯಿಸಿ, ಔಟರ್ ತುಂಡಿನೊಳಗೆ ತೂರಿಸಿ, ಡಿರೈಲರ್‌ನ ಬೋಲ್ಟಿನ ಬಳಿ ತನ್ನಿ. ಬೋಲ್ಟಿನ ವಾಷರ್ ಅಡಿಯಲ್ಲಿ ತಂತಿಗೆಂದೇ ಸಣ್ಣ ಗೀರು ಇರುತ್ತದೆ. ತಂತಿ ಅದರೊಳಗೇ ಕೂರಬೇಕು. ಎಡಗೈಯಲ್ಲಿ ಪ್ಲೈಯರ್ ಹಿಡಿದು ತಂತಿಯನ್ನು ಜಗ್ಗಿ, ಬಲಗೈಯಲ್ಲಿ ಬೋಲ್ಟ್ ಬಿಗಿ ಮಾಡಿ. ಈಗ ಕೆಳಪೈಪಿನ ಉದ್ದಕ್ಕೂ ಬರಿದಾಗಿ ಕಾಣುವ ತಂತಿಯನ್ನು ಹಿಡಿದು ಫ್ರೇಮಿನಿಂದ ಹೊರಕ್ಕೆ ಜೋರಾಗಿ ಕೆಲವು ಸಲ ಎಳೆಯಿರಿ. ಔಟರ್‌ನ ತುದಿಗಳು, ಟೊಪ್ಪಿಗಳು, ಗುಂಡು ತಮ್ಮ ತಮ್ಮ ಕುಳಿಗಳಲ್ಲಿ ಗಟ್ಟಿಯಾಗಿ ಕೂರುತ್ತವೆ. ಮೂಡಿದ ಸಡಿಲವನ್ನು ಬೋಲ್ಟ್ ಬಿಚ್ಚಿ ಮತ್ತೆ ಎಳೆದು ಕಟ್ಟಿ.

ಹೊಸ ಕೇಬಲ್ ಕೆಲವು ದಿನಕ್ಕೆ ಸಡಿಲಾಗುವುದಕ್ಕೆ ಕಾರಣವೂ ಇದೇ. ಉಕ್ಕಿನ ತಂತಿ ಗೇರಿನ ಎಳೆತಕ್ಕೆ ಲೆಕ್ಕಕ್ಕೆ ಸಿಗುವಷ್ಟು ಹಿಗ್ಗುವುದಿಲ್ಲ. ಅದರ ಸುತ್ತಲಿನ ಜೋಡಣೆ ಕೂರುತ್ತದೆ. ಮೊದಲ ದಿನವೇ ಜಗ್ಗಿ ಕೂರಿಸಿದರೆ ಆಮೇಲಿನ ತಾಪತ್ರಯ ಬಹುಪಾಲು ತಪ್ಪುತ್ತದೆ. ಎಲ್ಲ ಮುಗಿದ ಮೇಲೆ ಉಳಿದ ತಂತಿಯನ್ನು ಎರಡು ಮೂರು ಬೆರಳಗಲ ಬಿಟ್ಟು ಕತ್ತರಿಸಿ, ತುದಿಗೆ ಟೊಪ್ಪಿ ಒತ್ತಿ. ಬಿಚ್ಚಿಕೊಂಡ ಎಳೆ ಬೆರಳಿಗೆ ಚುಚ್ಚುವುದಷ್ಟೇ ಅಲ್ಲ, ಮುಂದೆ ಕೇಬಲ್ ಬಿಚ್ಚಿ ತೊಳೆದು ಮತ್ತೆ ತೂರಿಸಲು ಆಗದಂತೆ ಮಾಡುತ್ತದೆ.

ತಪ್ಪು ಕಲ್ಪನೆ 6: ಗೇರ್ ಸರಿಯಾಗಿ ಬೀಳದಿದ್ದರೆ ಡಿರೈಲರ್‌ನ ಎರಡು ಸಣ್ಣ ಸ್ಕ್ರೂ ತಿರುಗಿಸಬೇಕು

ವಾಸ್ತವ: ಅತಿ ಹೆಚ್ಚು ಹಾನಿ ಮಾಡುವ ನಂಬಿಕೆ ಇದೇ. ಆ ಎರಡು ಸ್ಕ್ರೂಗಳು ಗೇರ್ ಬದಲಿಸುವುದಿಲ್ಲ. ಅವು ಡಿರೈಲರ್‌ನ ಓಟಕ್ಕೆ ಎರಡು ಬದಿಯಲ್ಲಿ ಗಡಿ ಹಾಕುತ್ತವೆ, ಅಷ್ಟೆ. ಒಂದು ಚೈನನ್ನು ಸಣ್ಣ ಬಿಲ್ಲೆಯಾಚೆ ಫ್ರೇಮಿನ ಕಡೆಗೆ ಬೀಳದಂತೆ ತಡೆಯುತ್ತದೆ, ಇನ್ನೊಂದು ದೊಡ್ಡ ಬಿಲ್ಲೆಯಾಚೆ ಚಕ್ರದ ಕಡ್ಡಿಗಳಿಗೆ ಬೀಳದಂತೆ. ನಡುವಿನ ಬಿಲ್ಲೆಗಳಲ್ಲಿ ಚೈನ್ ತಡವರಿಸಿದರೆ ಈ ಸ್ಕ್ರೂಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಒಳಗಡೆಯ ಗಡಿಯನ್ನು ಸಿಕ್ಕಾಪಟ್ಟೆ ಸಡಿಲಿಸಿದರೆ ಒಂದು ದಿನ ಏರಿನಲ್ಲಿ ಡಿರೈಲರ್ ಕಡ್ಡಿಗಳೊಳಗೆ ಹೊಕ್ಕು, ಚಕ್ರವನ್ನೂ ಸವಾರನನ್ನೂ ಒಟ್ಟಿಗೆ ಕೆಡವುತ್ತದೆ.

ಹೊರಗಡಿಯನ್ನು ಕೇಬಲ್ ಕಟ್ಟುವ ಮೊದಲೇ ಸರಿಪಡಿಸಿ: ಡಿರೈಲರ್‌ನ ಮೇಲಿನ ಪುಟ್ಟ ಗಾಲಿ ಅತಿ ಸಣ್ಣ ಬಿಲ್ಲೆಯ ನೇರಕ್ಕೆ ಬರಬೇಕು. ಒಳಗಡಿಯನ್ನು ಕೇಬಲ್ ಕಟ್ಟಿದ ಮೇಲೆ, ಸೈಕಲ್ ಎತ್ತಿ ಹಿಡಿದು ನಿಧಾನವಾಗಿ ಪೆಡಲ್ ತಿರುಗಿಸುತ್ತ ಹೊಂದಿಸಿ. ಆ ಬಳಿಕ ಅವನ್ನು ಮುಟ್ಟುವ ಅಗತ್ಯ ಅಪರೂಪ.

ಗಡಿ ಸರಿಯಿದ್ದು, ಕೇಬಲ್ ನಯವಾಗಿದ್ದೂ ಚೈನ್ ತಡವರಿಸಿದರೆ ಹಿಂದಿನಿಂದ ನಿಂತು ನೋಡಿ. ಡಿರೈಲರ್ ತೂಗುವ ಕಿವಿ ಒಳಕ್ಕೆ ಬಾಗಿದೆಯೇ? ಎರಡೂ ಪುಟ್ಟ ಗಾಲಿಗಳು ಬಿಲ್ಲೆಯ ನೇರಕ್ಕೆ ಒಂದೇ ಗೆರೆಯಲ್ಲಿರಬೇಕು. ಬಸ್ಸಿನ ಟಾಪಿನ ಮೇಲೋ ಗೂಡ್ಸ್ ಗಾಡಿಯಲ್ಲೋ ಚೈನಿನ ಬದಿ ಕೆಳಗಾಗಿ ಮಲಗಿಸಿ ತಂದ ಸೈಕಲ್ಲುಗಳಲ್ಲಿ ಈ ಕಿವಿ ಬಾಗಿರುವುದು ಸಾಮಾನ್ಯ. ಉಕ್ಕಿನ ಫ್ರೇಮಾದರೆ ತಿಳಿದ ಕೈ ಅದನ್ನು ನೇರ ಮಾಡಬಲ್ಲದು. ಸಾಗಿಸುವಾಗ ಚೈನಿನ ಬದಿ ಮೇಲಿರಲಿ.

ಹೊರಗಡಿಯ ಸ್ಕ್ರೂವಿನಿಂದ ದಾರಿಯಲ್ಲಿ ಒಂದು ಉಪಕಾರವೂ ಉಂಟು. ಕೇಬಲ್ ತುಂಡಾದರೆ ಚೈನ್ ಅತಿ ಸಣ್ಣ ಬಿಲ್ಲೆಗೆ ಬಿದ್ದು, ಏರು ಹತ್ತುವುದು ಕಷ್ಟವಾಗುತ್ತದೆ. ಡಿರೈಲರನ್ನು ಕೈಯಲ್ಲಿ ಒಳಕ್ಕೆ ತಳ್ಳಿ ಹಿಡಿದು ಹೊರಗಡಿಯ ಸ್ಕ್ರೂವನ್ನು ಒಳಕ್ಕೆ ತಿರುಗಿಸಿದರೆ ಒಂದೆರಡು ಬಿಲ್ಲೆ ಹಗುರವಾದ ಗೇರಿನಲ್ಲಿ ಮನೆ ಸೇರಬಹುದು.

ತಪ್ಪು ಕಲ್ಪನೆ 7: ಗ್ರೀಸ್ ಹೆಚ್ಚಿದಷ್ಟೂ ಗೇರ್ ನಯ

ವಾಸ್ತವ: ಇದು ಕೋಲಾರದ ಕೆಮ್ಮಣ್ಣಿಗೆ ಹೊಂದದ ಮಾತು. ಬೇಸಿಗೆಯಲ್ಲಿ ಹೊಲದ ದಾರಿಯಿಂದೇಳುವ ನುಣ್ಣನೆ ಧೂಳು ಗ್ರೀಸಿಗೆ ಅಂಟಿ, ಉಜ್ಜುವ ಲೇಹ್ಯವಾಗುತ್ತದೆ. ತಂತಿಯ ಜೊತೆ ಔಟರ್ ಒಳಗೆ ಹೋಗಿ ಕೇಬಲ್ಲನ್ನೇ ತಿನ್ನುತ್ತದೆ.

ಒಳಗೆ ಪ್ಲಾಸ್ಟಿಕ್ ಕೊಳವೆ ಇಲ್ಲದ ಹಳೆಯ ಔಟರ್‌ಗೆ ತೆಳುವಾಗಿ ಎಣ್ಣೆಯೋ ಗ್ರೀಸೋ ಬೇಕು; ಅಲ್ಲಿ ಉಕ್ಕಿನ ಮೇಲೆ ಉಕ್ಕು ಉಜ್ಜುತ್ತದೆ. ಕೊಳವೆ ಇರುವ ಹೊಸ ಔಟರ್‌ಗೆ ತಂತಿಯನ್ನು ಒಣಬಟ್ಟೆಯಲ್ಲಿ ಒರೆಸಿ ಹಾಕಿದರೂ ಸಾಕು. ಬಿ.ಬಿ. ಭಾಗದ ಕೊಂಡಿಯನ್ನು ಮಾತ್ರ ಆಗಾಗ ತೊಳೆಯಬೇಕು. ಕೇಬಲ್ ಅದರ ಅಡಿಯಿಂದ ಹಾಯುವ ಸೈಕಲ್ಲುಗಳಲ್ಲಿ ಮುಂದಿನ ಚಕ್ರ ಎರಚಿದ ಕೆಸರು ನೇರ ಅಲ್ಲಿಗೇ ಬಡಿಯುತ್ತದೆ. ನೀರಿನ ಬಾಟಲಿಯಲ್ಲಿ ಪಾನಕವನ್ನೋ ಗ್ಲೂಕೋಸನ್ನೋ ಒಯ್ಯುವವರ ಸೈಕಲ್ಲಿನಲ್ಲಿ ಸೋರಿದ ಸಕ್ಕರೆ ನೀರು ಕೆಳಪೈಪಿನ ಮೇಲೆ ಹರಿದು ಅದೇ ಜಾಗದಲ್ಲಿ ಗಟ್ಟಿಯಾಗುತ್ತದೆ. ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಟ್ಟೆಯ ತುಂಡು ಇದ್ದರೆ ಈ ರೋಗಕ್ಕೆ ಬೇರೆ ಮದ್ದು ಬೇಡ.

ತಪ್ಪು ಕಲ್ಪನೆ 8: ಮುಂದಿನ ಡಿರೈಲರ್‌ಗೆ ಚೈನ್ ಉಜ್ಜಿದರೆ ಜೋಡಣೆ ತಪ್ಪಿದೆ

ವಾಸ್ತವ: ಯಾವಾಗಲೂ ಅಲ್ಲ. ಹಿಂದೆ ಬಿಲ್ಲೆ ಬದಲಾದಾಗ ಚೈನಿನ ಓರೆಯೂ ಬದಲಾಗುತ್ತದೆ. ಆಗ ಎಡಗಡೆಯ ಲಿವರನ್ನು ತುಸುವೇ ಅಲುಗಿಸಿ ಉಜ್ಜಾಟ ತಪ್ಪಿಸಬೇಕು. ಘರ್ಷಣೆಯ ಲಿವರ್‌ನ ಹೆಚ್ಚುಗಾರಿಕೆ ಇದೇ. ಬೇಕಾದಷ್ಟು, ಬೇಕಾದಲ್ಲಿ ನಿಲ್ಲಿಸಬಹುದು. ಜೋಡಣೆಯಲ್ಲಿ ನೋಡಬೇಕಾದದ್ದು ಎರಡೇ: ಡಿರೈಲರ್‌ನ ತಗಡು ದೊಡ್ಡ ಚೈನ್ ವೀಲ್‌ನ ಹಲ್ಲುಗಳಿಂದ 1ರಿಂದ 3 ಮಿ.ಮೀ. ಮೇಲಿರಬೇಕು, ಮೇಲಿನಿಂದ ನೋಡಿದಾಗ ಚೈನ್ ವೀಲ್‌ಗೆ ಸಮಾನಾಂತರವಾಗಿರಬೇಕು. ಮುಂದೆ ದೊಡ್ಡದು ಹಿಂದೆ ದೊಡ್ಡದು, ಮುಂದೆ ಸಣ್ಣದು ಹಿಂದೆ ಸಣ್ಣದು ಎಂಬ ಎರಡು ಜೋಡಿಗಳನ್ನು ಬಿಟ್ಟೇಬಿಡಿ. ಅಲ್ಲಿ ಚೈನ್ ಅತಿ ಓರೆಯಾಗಿ ಓಡಿ ಬೇಗ ಸವೆಯುತ್ತದೆ.

ತಪ್ಪು ಕಲ್ಪನೆ 9: ಕ್ಲಿಕ್ ಲಿವರ್ ತಂದು ಹಾಕಿದರೆ ಹಳೆಯ ಸೈಕಲ್ ಹೊಸದಾಗುತ್ತದೆ

ವಾಸ್ತವ: ಕ್ಲಿಕ್ ಗೇರ್ ಒಂದು ಬಿಡಿಭಾಗವಲ್ಲ, ಒಂದು ಕೂಟ. ಲಿವರ್ ಪ್ರತಿ ಕ್ಲಿಕ್ಕಿಗೆ ಎಳೆಯುವ ತಂತಿಯ ಅಳತೆ, ಅಷ್ಟಕ್ಕೆ ಡಿರೈಲರ್ ಸರಿಯುವ ದೂರ, ಬಿಲ್ಲೆಗಳ ನಡುವಿನ ಅಂತರ, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಐದು ಬಿಲ್ಲೆಯ ಹಳೆಯ ಫ್ರೀವೀಲ್‌ನಲ್ಲಿ ಬಿಲ್ಲೆಯಿಂದ ಬಿಲ್ಲೆಗೆ ಸುಮಾರು 5.5 ಮಿ.ಮೀ., ಏಳರಲ್ಲಿ ಸುಮಾರು 5 ಮಿ.ಮೀ., ಎಂಟರಲ್ಲಿ 4.8 ಮಿ.ಮೀ. ಒಂದೇ ಕಂಪನಿಯೊಳಗೂ ತಾಳೆ ಗ್ಯಾರಂಟಿಯಿಲ್ಲ. ಶಿಮಾನೊದ 7400 ಡ್ಯೂರಾ-ಏಸ್ ಡಿರೈಲರ್ ಅದೇ ಕಾಲದ ಉಳಿದ ಶಿಮಾನೊ ಲಿವರ್‌ಗಳ ಕ್ಲಿಕ್ಕಿಗೆ ಹೊಂದುವುದಿಲ್ಲ.

ಘರ್ಷಣೆಯ ಲಿವರ್‌ಗೆ ಈ ಲೆಕ್ಕಾಚಾರವಿಲ್ಲ. ಅದು ಯಾವ ಕಂಪನಿಯ ಡಿರೈಲರ್ ಆದರೂ, ಬಿಲ್ಲೆ ಐದಿರಲಿ ಏಳಿರಲಿ ನಡೆಸುತ್ತದೆ. ಬಿಡಿಭಾಗ ಸಿಗದ ಊರಿಗೆ ಇದಕ್ಕಿಂತ ಅನುಕೂಲ ಇನ್ನೇನು? ಮಿತಿಯೂ ಇದೆ. ಐದು ಬಿಲ್ಲೆಗಳನ್ನು ದಾಟಲು ಡಿರೈಲರ್ ಸುಮಾರು 22 ಮಿ.ಮೀ. ಸರಿದರೆ ಸಾಕು, ಎಂಟಕ್ಕೆ 33 ಮಿ.ಮೀ.ಗೂ ಹೆಚ್ಚು ಬೇಕು. ಹಳೆಯ ಲಿವರ್‌ಗೆ, ಹಳೆಯ ಡಿರೈಲರ್‌ಗೆ ಅಷ್ಟು ಓಟ ಇಲ್ಲದಿರಬಹುದು. ಹಿಂದಿನ ಚಕ್ರ ಕೂರುವ ಜಾಗವೂ ಐದು ಬಿಲ್ಲೆಯ ಕಾಲದಲ್ಲಿ 120 ಮಿ.ಮೀ. ಇದ್ದದ್ದು ಆರು-ಏಳರ ಕಾಲಕ್ಕೆ 126, ಎಂಟರ ಬಳಿಕ 130 ಆಯಿತು.

ನಿಮ್ಮ ಸೈಕಲ್ಲಿನಲ್ಲಿ ಈಗಾಗಲೇ ಹಳೆಯ ಕ್ಲಿಕ್ ಲಿವರ್ ಇದ್ದು ಅದು ತಾಳ ತಪ್ಪಿದ್ದರೆ ಬಿಸಾಡುವ ಮೊದಲು ಅದರ ಹಿಡಿ ತಿರುಗಿಸಿ ನೋಡಿ. ಶಿಮಾನೊದ ಹಲವು ಕೆಳಪೈಪಿನ ಲಿವರ್‌ಗಳನ್ನು ಕ್ಲಿಕ್ ಇಲ್ಲದ ಘರ್ಷಣೆಯ ಸ್ಥಿತಿಗೂ ಬದಲಿಸಬಹುದು.

ತಪ್ಪು ಕಲ್ಪನೆ 10: ಕೆಳಪೈಪಿನ ಲಿವರ್ ಅನನುಕೂಲ, ಅಪಾಯ, ಹ್ಯಾಂಡಲ್‌ಗೆ ಸಾಗಿಸಬೇಕು

ವಾಸ್ತವ: ಕೈ ಹ್ಯಾಂಡಲ್ ಬಿಟ್ಟು ಕೆಳಗಿಳಿಯಬೇಕು ಎಂಬುದು ನಿಜ. ಅಭ್ಯಾಸವಿಲ್ಲದವರು ವಾಹನ ದಟ್ಟಣೆಯ ಹೆದ್ದಾರಿಯಲ್ಲಿ ಅದನ್ನು ಕಲಿಯಬಾರದು ಎಂಬುದೂ ನಿಜ. ಊರಿನ ಒಳದಾರಿಯಲ್ಲಿ, ಬೆಳಗಿನ ಖಾಲಿ ರಸ್ತೆಯಲ್ಲಿ ಕಲಿಯಿರಿ. ಆದರೆ ತಾಂತ್ರಿಕವಾಗಿ ಈ ಜಾಗದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕೇಬಲ್ ಅತಿ ಗಿಡ್ಡ, ಅತಿ ನೇರ, ಔಟರ್ ಅತಿ ಕಡಿಮೆ. ಲಿವರನ್ನು ಹ್ಯಾಂಡಲ್‌ಗೆ ಒಯ್ದರೆ ತಿರುವು, ಔಟರ್, ಘರ್ಷಣೆ ಎಲ್ಲವೂ ಹೆಚ್ಚುತ್ತವೆ. ಕೆಡುವ ಜಾಗಗಳೂ ಹೆಚ್ಚುತ್ತವೆ. ಬ್ರೇಕ್ ಹಿಡಿಯೊಳಗೇ ಗೇರ್ ಇರುವ ಶಿಮಾನೊ ಲಿವರ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. 1989ರಲ್ಲಿ ಗ್ರೆಗ್ ಲೆಮಾಂಡ್ 8 ಸೆಕೆಂಡುಗಳ ಅಂತರದಲ್ಲಿ ಟೂರ್ ದ ಫ್ರಾನ್ಸ್ ಗೆದ್ದಾಗ ಕೆಳಪೈಪಿನ ಲಿವರ್‌ಗಳೇ ರೂಢಿಯಲ್ಲಿದ್ದವು.

ತಪ್ಪು ಕಲ್ಪನೆ 11: ಗೇರ್ ಇರುವುದು ವೇಗಕ್ಕೆ, ಏರಿನಲ್ಲಿ ಕಾಲು ಸೋತ ಮೇಲೆ ಬದಲಿಸಿದರೆ ಸಾಕು

ವಾಸ್ತವ: ಗೇರ್ ಇರುವುದು ಕಾಲಿನ ಲಯ ಕೆಡದಿರಲಿ ಎಂದು. ಮುಂದೆ 52 ಹಲ್ಲು, ಹಿಂದೆ 14 ಹಲ್ಲು ಇದ್ದರೆ ಪೆಡಲ್‌ನ ಒಂದು ಸುತ್ತಿಗೆ ಸೈಕಲ್ ಸುಮಾರು 7.8 ಮೀಟರ್ ಸಾಗುತ್ತದೆ. ಮುಂದೆ 42, ಹಿಂದೆ 28 ಮಾಡಿದರೆ ಸುಮಾರು 3.1 ಮೀಟರ್. ಕೋಲಾರದ ಸೀಮೆಯಂತೆ ಕೆರೆಯಂಗಳಕ್ಕೆ ಇಳಿದು ದಿಣ್ಣೆಗೆ ಏರುವ ನೆಲದಲ್ಲಿ ಇವೆರಡೂ ಬೇಕಾಗುತ್ತವೆ.

ಬದಲಿಸುವ ಸಮಯ ಏರಿನ ಬುಡ, ನಡು ಏರಲ್ಲ. ಪೆಡಲ್ ತಿರುಗುತ್ತಲೇ ಇರಬೇಕು, ಆದರೆ ತುಳಿತ ಹಗುರವಾಗಿರಬೇಕು. ಲಿವರನ್ನು ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಎಳೆದು, ಚೈನ್ ಏರಿದ ಕೂಡಲೇ ಅಷ್ಟೇ ಹಿಂದಕ್ಕೆ ಬಿಡಿ. ಚೈನಿನ ಸದ್ದು ಅಡಗಿದರೆ ಗೇರ್ ಕೂತಿದೆ ಎಂದರ್ಥ. ನಿಂತ ಸೈಕಲ್ಲಿನಲ್ಲಿ ಲಿವರ್ ಎಳೆದಾಡಬೇಡಿ, ಹಿಮ್ಮುಖವಾಗಿ ತುಳಿಯುತ್ತ ಬದಲಿಸಲೂಬೇಡಿ. ಹಾಗೆ ಮಾಡಿದರೆ ಕೇಬಲ್ಲಿಗೆ, ಚೈನಿಗೆ ಸುಮ್ಮನೆ ಪೆಟ್ಟು.

ಒಟ್ಟಿನಲ್ಲಿ

ದೂರು ಬಂದಾಗ ನೋಡುವ ಕ್ರಮ ಒಂದೇ ಇರಲಿ: ಮೊದಲು ಲಿವರ್‌ನ ಬಿಗಿತ, ನಂತರ ಕೇಬಲ್ ಮತ್ತು ಅದರ ಗುಂಡಿನ ಬಳಿಯ ಎಳೆಗಳು, ಆಮೇಲೆ ಔಟರ್‌ನ ತುದಿಗಳು, ಬಿ.ಬಿ. ಭಾಗದ ಕೊಂಡಿ, ಡಿರೈಲರ್‌ನ ಕಿವಿ. ಗಡಿಯ ಸ್ಕ್ರೂಗಳು ಕೊನೆಗೆ. ಇದಕ್ಕೆ ಬೇಕಾದ ಸಲಕರಣೆ ಸ್ಪ್ಯಾನರ್, ಸ್ಕ್ರೂಡ್ರೈವರ್, ಪ್ಲೈಯರ್, ಅರ. ಇವು ಯಾವ ಪಂಕ್ಚರ್ ಅಂಗಡಿಯಲ್ಲಿಲ್ಲ?

ಸುಗಟೂರು, ವೇಮಗಲ್, ಶ್ರೀನಿವಾಸಪುರ, ಮುಳಬಾಗಿಲು, ಮಾಲೂರಿನ ಸೈಕಲ್ ಅಂಗಡಿಯವರಲ್ಲಿ ಒಂದು ಮನವಿ. 1.2 ಮಿ.ಮೀ. ಗೇರ್ ತಂತಿ ಒಂದೆರಡು, 4 ಮಿ.ಮೀ. ಔಟರ್ ಒಂದು ಮೀಟರ್, ಹಿಡಿಯಷ್ಟು ಟೊಪ್ಪಿ ಅಂಗಡಿಯಲ್ಲಿಟ್ಟುಕೊಳ್ಳಿ. ಬಂಡವಾಳ ಅಲ್ಪ, ಕೆಲಸ ನಿಮ್ಮ ಕೈಗೆ ಹೊಸದಲ್ಲ. ಸವಾರರಲ್ಲೂ ಒಂದು ಮಾತು: ಉಕ್ಕಿನ ಹಳೆಯ ರೇಸ್ ಸೈಕಲ್ಲನ್ನು ಗೇರ್ ಹೋಗಿದೆಯೆಂದು ಗುಜರಿಗೆ ತೂಗುವ ಮೊದಲು ಹೊಸ ಕೇಬಲ್ ಹಾಕಿಸಿ ಒಮ್ಮೆ ಓಡಿಸಿ ನೋಡಿ.